ದೇವದೂತರ ಪಾಲು

ಮನೆಗಳ ಆಶೀರ್ವಾದಕ್ಕೆಂದು ಹೋಗಿದ್ದಾಗ ಒಂದು ಕುಟುಂಬದ ಹಿರಿಯರು ಗಾಜಿನ ಕಪಾಟಿನಿಂದ ಬಾಟಲಿಯೊಂದನ್ನು ಜೋಪಾನವಾಗಿ ತೆಗೆದು ನಮ್ಮ ಮುಂದಿಟ್ಟರು. ಕುಡಿಯಲೆಂದಲ್ಲ. ಹನ್ನೆರಡು ವರ್ಷಗಳ ಹಿಂದೆ ಕೊಲ್ಲಿ ರಾಷ್ಟ್ರದ ಕೆಲಸ ಬಿಟ್ಟು ಬರುವಾಗ ವಿಮಾನ ನಿಲ್ದಾಣದಲ್ಲಿ ಕೊಂಡ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ ಅದು. ಶೆರಿ ಪೀಪಾಯಿಯಲ್ಲಿ 18 ವರ್ಷ ಪಕ್ವಗೊಂಡದ್ದೆಂದು ಚೀಟಿಯಲ್ಲಿತ್ತು. “ಈಗ ಇದಕ್ಕೆ ಮೂವತ್ತು ವರ್ಷ ತುಂಬಿತಲ್ಲವೇ ಫಾದರ್? ಮಾರಿದರೆ ಮಗಳ ನರ್ಸಿಂಗ್ ಶುಲ್ಕಕ್ಕೆ ಸಾಕಾದೀತೇ?” ಎಂದರು. ಇಂಥ ಬಾಟಲಿಯೊಂದು ಕೋಟಿಗಟ್ಟಲೆಗೆ ಹರಾಜಾದ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ಸುದ್ದಿ ನಿಜವೇ. ಸ್ಪೇ ನದಿಯ ಸೀಮೆಯಲ್ಲಿರುವ ಮೆಕ್ಯಾಲನ್ ಭಟ್ಟಿಯಲ್ಲಿ 1926ರಲ್ಲಿ ಇಳಿಸಿದ ಮದ್ಯವು ಶೆರಿ ಪೀಪಾಯಿಯೊಂದರಲ್ಲಿ ಅರವತ್ತು ವರ್ಷ ಮಲಗಿತ್ತು. 1986ರಲ್ಲಿ ಅದನ್ನು ತುಂಬಿದಾಗ ದೊರೆತದ್ದು 40 ಬಾಟಲಿ ಮಾತ್ರ. ಅವುಗಳಲ್ಲಿ ಇಟಲಿಯ ಚಿತ್ರಕಾರ ವಲೇರಿಯೊ ಅದಾಮಿ ರಚಿಸಿದ ಚೀಟಿಯುಳ್ಳ ಒಂದು ಬಾಟಲಿ 2023ರ ನವೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 21 ಲಕ್ಷ ಪೌಂಡುಗಳಿಗೂ ಮಿಗಿಲಾದ, ಅಂದರೆ ಸುಮಾರು 22 ಕೋಟಿ ರೂಪಾಯಿಗಳ ಬೆಲೆಗೆ ಹೋಯಿತು. ಪ್ರತಿಯೊಂದು ವಸ್ತುವಿಗೂ ಅದರದೇ ಗುರಿಯುಂಟೆಂದು ಅರಿಸ್ಟಾಟಲನಿಂದ ಕಲಿತವರು ನಾವು. ಕುಡಿಯಲೆಂದು ಮಾಡಿದ್ದು ಕುಡಿಯಲಾರದಷ್ಟು ದುಬಾರಿಯಾದರೆ ಅದನ್ನು ಏನೆಂದು ಕರೆಯಬೇಕೋ ತಿಳಿಯದು.

ಆದರೂ ಅದರ ಹಿಂದಿನ ಶ್ರಮವನ್ನು ಹಗುರವಾಗಿ ಕಾಣಲಾಗದು. ಮೊಳಕೆ ಬರಿಸಿದ ಬಾರ್ಲಿಯಿಂದ ಭಟ್ಟಿ ಇಳಿದ ಮದ್ಯವು ನೀರಿನಂತೆ ಬಣ್ಣವಿಲ್ಲದ್ದು. ಕೆಂಗಂದು ಬಣ್ಣ, ಒಣದ್ರಾಕ್ಷಿಯ ಪರಿಮಳ, ಮಸಾಲೆಯ ಘಾಟು, ಇವನ್ನೆಲ್ಲ ಅದಕ್ಕೆ ಕೊಡುವುದು ಓಕ್ ಮರ ಹಾಗೂ ಆ ಮರವು ಮೊದಲೇ ಹೀರಿಕೊಂಡಿದ್ದ ಶೆರಿ. ಶೆರಿಯೆಂದರೆ ಸ್ಪೇನಿನ ಹೆರೆಸ್ ಪಟ್ಟಣದ ಸುತ್ತ ಬೆಳೆಯುವ ಬಿಳಿ ದ್ರಾಕ್ಷಿಯ ಗಡುಸಾದ ದ್ರಾಕ್ಷಾರಸ. ಹಿಂದೆ ಅದು ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಬರುತ್ತಿತ್ತು. ಬರಿದಾದ ಪೀಪಾಯಿಗಳನ್ನು ಮಿತವ್ಯಯಿಗಳಾದ ಸ್ಕಾಟರು ಅಗ್ಗಕ್ಕೆ ಕೊಂಡರು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದ ಮೇಲೆ ಆ ದಾರಿ ಮುಚ್ಚಿತು. ಇಂದು ವಿಸ್ಕಿಗೆಂದೇ ಹೊಸ ಪೀಪಾಯಿ ಕಟ್ಟಿಸಿ, ಒಂದೆರಡು ವರ್ಷ ಶೆರಿ ತುಂಬಿಟ್ಟು, ಬಳಿಕ ಉತ್ತರಕ್ಕೆ ಸಾಗಿಸುತ್ತಾರೆ.

ಪೀಪಾಯಿ ಕೊಡುವುದಷ್ಟೇ ಅಲ್ಲ, ಕಳೆಯುತ್ತದೆ ಕೂಡ. ಮರದ ರಂಧ್ರಗಳಿಂದ ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಮದ್ಯ ಆವಿಯಾಗಿ ಹೋಗುತ್ತದೆ. ಅರವತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಉಳಿಯುವುದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಹೀಗೆ ಹೋದದ್ದನ್ನು ಅಲ್ಲಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ದೇವದೂತರಿಗೆ ದೇಹವಿಲ್ಲವೆಂದು ಸಂತ ತೋಮಸ್ ಅಕ್ವಿನಾಸರು ಎಂದೋ ನಿರ್ಣಯಿಸಿದ್ದಾರೆ. ತೋಬಿತನ ಗ್ರಂಥದಲ್ಲಿ ರಫಾಯೇಲನು ತಾನು ತಿಂದು ಕುಡಿದಂತೆ ತೋರಿದ್ದಷ್ಟೇ ಎಂದು ಒಪ್ಪಿಕೊಂಡಿದ್ದಾನೆ. ಆದುದರಿಂದ ಈ ಅಪವಾದದಿಂದ ಅವರನ್ನು ಮುಕ್ತಗೊಳಿಸುವುದು ನಮ್ಮ ಕರ್ತವ್ಯ! ನಮ್ಮ ಬೆಂಗಳೂರಿನ ಬಿಸಿಲಿನಲ್ಲಂತೂ ಈ ನಷ್ಟ ವರ್ಷಕ್ಕೆ ಶೇಕಡಾ 10ನ್ನೂ ದಾಟುತ್ತದೆ. 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ ಅಮೃತ್ ಸಂಸ್ಥೆಯು 2013ರಲ್ಲಿ ಎಂಟು ವರ್ಷದ ವಿಸ್ಕಿಯೊಂದಕ್ಕೆ ‘ಗ್ರೀಡಿ ಏಂಜೆಲ್ಸ್’, ಎಂದರೆ ದುರಾಸೆಯ ದೇವದೂತರು, ಎಂದೇ ಹೆಸರಿಟ್ಟಿತು.

ಆ ಹಿರಿಯರಿಗೆ ನಾವು ಹೇಳಬೇಕಾದ ಮಾತು ಕಹಿಯಾಗಿತ್ತು. ವಿಸ್ಕಿಗೆ ವಯಸ್ಸಾಗುವುದು ಮರದಲ್ಲಿ ಮಾತ್ರ. ಗಾಜಿನೊಳಗೆ ಸೇರಿದ ದಿನವೇ ಅದು ನಿಲ್ಲುತ್ತದೆ. ಕಪಾಟಿನಲ್ಲಿ ಎಷ್ಟು ಕಾಲ ಇಟ್ಟರೂ ಹದಿನೆಂಟು ಹದಿನೆಂಟೇ. ಹರಾಜಿನ ಬಾಟಲಿಗೆ ಬಂದದ್ದು ವಿರಳತೆಯ ಬೆಲೆ. ಇವರದರಂತಹವು ಎಷ್ಟೋ ಇವೆ. ಮೇಲಾಗಿ ಪರವಾನಗಿಯಿಲ್ಲದೆ ಮದ್ಯ ಮಾರುವಂತೆಯೂ ಇಲ್ಲ.

ಅವರು ಕೆಲಹೊತ್ತು ಸುಮ್ಮನಿದ್ದರು. “ಹನ್ನೆರಡು ವರ್ಷ ವಾರವಾರವೂ ಧೂಳು ಒರೆಸಿದವಳು ನಾನು” ಎಂದು ಅವರ ಮಡದಿ ನಕ್ಕುಬಿಟ್ಟರು. ಬಾಟಲಿ ಮತ್ತೆ ಮಗಳ ಪ್ರಥಮ ಪರಮಪ್ರಸಾದದ ಚಿತ್ರಪಟದ ಪಕ್ಕಕ್ಕೆ ಹೋಯಿತು. ಬ್ಯಾಂಕಿನ ಶಿಕ್ಷಣ ಸಾಲದ ಅರ್ಜಿಯನ್ನು ಆ ಸಂಜೆಯೇ ಅದೇ ಮೇಜಿನ ಮೇಲೆ ಹರಡಿಕೊಂಡು ನಾವೆಲ್ಲರೂ ಸೇರಿ ತುಂಬಿದೆವು.