ಕೃಷ್ಣಾ–ಘಟಪ್ರಭೆಯ ನಡುವೆ ಒಂದು ಅಗ್ಗದ ಸಫಾರಿ

ಆಫ್ರಿಕಾದ ವನ್ಯಜೀವಿ ಸಫಾರಿ ಒಬ್ಬಂಟಿ ಪ್ರವಾಸಿಯ ಕೈಗೆ ಎಟುಕದಂತಾಗುವುದಕ್ಕೆ ವಿಮಾನದ ಟಿಕೆಟ್ಟೊಂದೇ ಕಾರಣವಲ್ಲ; ಅಲ್ಲಿನ ಖರ್ಚನ್ನು ಲೆಕ್ಕ ಹಾಕುವ ಕ್ರಮವೇ ಗುಂಪನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡಿದೆ. ಮೇಲ್ಚಾವಣಿ ತೆರೆಯುವ ಆರೇಳು ಆಸನಗಳ ವಾಹನ, ಅದರ ಇಂಧನ ಮತ್ತು ಮಾರ್ಗದರ್ಶಿಯೂ ಆಗಿರುವ ಚಾಲಕನ ದಿನಗೂಲಿ, ಇವು ಒಬ್ಬರು ಕುಳಿತರೂ ಆರು ಮಂದಿ ಕುಳಿತರೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಹಂಚಿಕೊಳ್ಳಲು ಜೊತೆಗಾರರಿಲ್ಲದವರು ಇಡೀ ಮೊತ್ತವನ್ನು ತಾವೇ ಹೊರಬೇಕಾಗುತ್ತದೆ. ಇಬ್ಬರಿಗೆಂದು ದರ ಗೊತ್ತುಪಡಿಸಿದ ಕೋಣೆಯಲ್ಲಿ ಒಬ್ಬರೇ ತಂಗಿದಾಗ ವಸತಿಗೃಹಗಳು ವಸೂಲು ಮಾಡುವ ಹೆಚ್ಚುವರಿ ಶುಲ್ಕವೂ ಇದಕ್ಕೆ ಸೇರುತ್ತದೆ. ಉದ್ಯಾನದ ಪ್ರವೇಶ ಶುಲ್ಕವಂತೂ ಬೇರೆಯೇ ಲೆಕ್ಕ: ಕೆನ್ಯಾದ ಮಸಾಯಿ ಮಾರಾದಲ್ಲಿ 2024ರಿಂದ, ವೈಲ್ಡ್‌ಬೀಸ್ಟ್ ಹುಲ್ಲೆಗಳ ಮಹಾವಲಸೆಯನ್ನು ನೋಡಲು ಜನ ಮುಗಿಬೀಳುವ ಜುಲೈ–ಡಿಸೆಂಬರ್ ಅವಧಿಗೆ, ವಿದೇಶಿ ವಯಸ್ಕರೊಬ್ಬರ ಒಂದು ದಿನದ ಶುಲ್ಕವನ್ನು 200 ಡಾಲರ್ ಎಂದು ನಿಗದಿಪಡಿಸಲಾಗಿದೆ.

ಈ ಖರ್ಚನ್ನು ತಗ್ಗಿಸಿಕೊಳ್ಳುವ ದಾರಿಗಳು ಇಲ್ಲವೆಂದಲ್ಲ. ಬೇರೆ ಬೇರೆ ಕಡೆಯಿಂದ ಬಂದ ಒಬ್ಬಂಟಿಗರನ್ನು ಒಂದೇ ವಾಹನದಲ್ಲಿ ಸೇರಿಸುವ ಎರಡು ಮೂರು ದಿನಗಳ ಗುಂಪು ಪ್ರವಾಸಗಳು ನೈರೋಬಿಯಿಂದಲೂ ತಾಂಜಾನಿಯಾದ ಅರೂಷಾದಿಂದಲೂ ಹೊರಡುತ್ತವೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಪ್ರವಾಸಿಗರು ಬಾಡಿಗೆ ಕಾರನ್ನು ತಾವೇ ಓಡಿಸಿಕೊಂಡು ಸುತ್ತಬಹುದು. 1946ರಲ್ಲಿ ಸ್ಥಾಪನೆಯಾದ ನೈರೋಬಿ ರಾಷ್ಟ್ರೀಯ ಉದ್ಯಾನ ರಾಜಧಾನಿಯ ಅಂಚಿನಲ್ಲೇ ಇರುವುದರಿಂದ ಅರ್ಧ ದಿನದಲ್ಲಿ ಸಿಂಹ, ಘೇಂಡಾಮೃಗಗಳ ನೆಲೆಯನ್ನು ಸುತ್ತಿ ಬರಬಹುದು. ಆದರೂ ಬಾದಾಮಿಯಲ್ಲೋ ಇಳಕಲ್ಲಿನಲ್ಲೋ ನೆಲೆಸಿ, ನಾಲ್ಕು ದಿನ ರಜೆ ಹಾಕಿ, ಯಾರ ಜೊತೆಯನ್ನೂ ಕಾಯದೆ ಬಯಲ ಪ್ರಾಣಿಗಳನ್ನು ನೋಡಬೇಕೆನ್ನುವ ಒಬ್ಬ ಶಿಕ್ಷಕನಿಗೆ ಅಥವಾ ಬ್ಯಾಂಕ್ ನೌಕರಳಿಗೆ ಇವು ಯಾವುವೂ ಸುಲಭದ ಮಾತಲ್ಲ. ಅಂಥವರು ಆಫ್ರಿಕಾಕ್ಕೆ ಮೊದಲು ನೋಡಬೇಕಾದದ್ದು ತಮ್ಮದೇ ಬಾಗಲಕೋಟೆ ಜಿಲ್ಲೆಯ ಬೀಳಗಿ–ಮುಧೋಳದ ಬಯಲನ್ನು.

ಈ ಸಲಹೆ ಬರಿಯ ಊರಭಿಮಾನದ್ದಲ್ಲ. ಇದಕ್ಕೆ ಭೂಗೋಳದ ಆಧಾರವಿದೆ. ಹುಲ್ಲು ನೆಲವನ್ನೆಲ್ಲ ಹೊದ್ದಿದ್ದು, ಮರಗಳು ಅಲ್ಲಲ್ಲಿ ಚದುರಿ ನಿಂತು, ಅವುಗಳ ನೆತ್ತಿಗಳು ಒಂದಕ್ಕೊಂದು ಕೂಡಿ ನೆರಳಿನ ಚಪ್ಪರವಾಗದಿರುವ ಉಷ್ಣವಲಯದ ಭೂಮಿಯನ್ನು ಸವನ್ನಾ ಎಂದು ಕರೆಯುತ್ತಾರೆ. ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಮಳೆ 550 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ತಾಂಜಾನಿಯಾದ ಸೆರೆಂಗೆಟಿಯ ಆಗ್ನೇಯ ಬಯಲಿನ ಮಳೆಯೂ ಅದಕ್ಕೆ ಸಮೀಪದ್ದೇ ಆಗಿದೆ. ಎರಡೂ ಕಡೆ ಜಾಲಿಯ ಬಳಗದ ಮುಳ್ಳುಮರಗಳೂ ಬಾರಿಯ ಪೊದೆಗಳೂ ಬೆಳೆಯುತ್ತವೆ, ಮತ್ತು ಎರಡೂ ಕಡೆ ಹಗುರ ಮೈಯ, ಓಟದಲ್ಲಿ ಚುರುಕಾದ ಹುಲ್ಲೆ ಮೇಯುತ್ತದೆ. ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಎಂದು ಜನ ಕರೆಯುವ ಬೃಹತ್ ಮರಗಳು ಆಫ್ರಿಕಾ ಮೂಲದ ಬಾವೊಬಾಬ್ ಆಗಿದ್ದು, ಈ ಹವೆಯಲ್ಲಿ ಅವು ತಲೆಮಾರುಗಳಿಂದ ಬಾಳಿರುವುದನ್ನೂ ಇಲ್ಲಿ ನೆನೆಯಬಹುದು.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡನ್ನು ರಾಜ್ಯ ಸರ್ಕಾರ ಕಳೆದ ದಶಕದ ನಡುಭಾಗದಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಚಿಂಕಾರಕ್ಕೆಂದೇ ಮೀಸಲಾದ ಕರ್ನಾಟಕದ ಮೊದಲ ರಕ್ಷಿತ ಪ್ರದೇಶ ಇದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣ ಎರಡನೆಯದಾಗಿ 2019ರಲ್ಲಿ ಬಂತು.

ಚಿಂಕಾರ ಜಿಂಕೆಯಲ್ಲ, ಹುಲ್ಲೆ. ಜಿಂಕೆಯ ಜಾತಿಯವು ಕವಲೊಡೆದ ಕೊಂಬನ್ನು ಕಾಲಕಾಲಕ್ಕೆ ಉದುರಿಸಿ ಹೊಸದನ್ನು ಬೆಳೆಸಿಕೊಂಡರೆ, ಹುಲ್ಲೆಯ ಕವಲಿಲ್ಲದ ಕೊಂಬು ಎಲುಬಿನ ತಿರುಳಿನ ಮೇಲೆ ಗೊರಸಿನಂಥ ಪದಾರ್ಥದ ಕವಚವನ್ನು ಹೊದ್ದು, ಬದುಕಿರುವ ತನಕ ಉಳಿಯುತ್ತದೆ. ಭುಜದ ಬಳಿ ಸುಮಾರು 65 ಸೆಂಟಿಮೀಟರ್ ಎತ್ತರ, ಇಪ್ಪತ್ತಮೂರು ಕಿಲೋ ಆಸುಪಾಸಿನ ತೂಕ, ಮಣ್ಣಿಗೆ ಮಣ್ಣಾಗಿ ಕಾಣುವ ಕಂದುಗೆಂಪು ಮೈ, ಮುಖದ ಎರಡೂ ಬದಿಗೆ ಕಣ್ಣಿನಿಂದ ಮೂತಿಯ ಕಡೆಗೆ ಇಳಿಯುವ ಬಿಳಿ–ಕಪ್ಪು ಗೆರೆ, ಇವು ಅದರ ಗುರುತುಗಳು. ಕೃಷ್ಣಮೃಗದಲ್ಲಿ ಸಾಮಾನ್ಯವಾಗಿ ಗಂಡಿಗೆ ಮಾತ್ರ ಕೊಂಬಿದ್ದರೆ ಚಿಂಕಾರದ ಹೆಣ್ಣಿಗೂ ಸಣ್ಣ ಕೊಂಬುಗಳಿರುತ್ತವೆ. ಸೆರೆಂಗೆಟಿಯಲ್ಲಿ ಚೀತಾಗಳು ಬೆನ್ನಟ್ಟುವ ಥಾಮ್ಸನ್ ಹುಲ್ಲೆಗೆ ಇದು ಗಾತ್ರದಲ್ಲೂ ವಂಶದಲ್ಲೂ ಹತ್ತಿರದ ನೆಂಟ. ವ್ಯತ್ಯಾಸವಿರುವುದು ನಡವಳಿಕೆಯಲ್ಲಿ: ಥಾಮ್ಸನ್ ಹುಲ್ಲೆ ದೊಡ್ಡ ಹಿಂಡುಗಳಲ್ಲಿ ಬಯಲಿನ ನಡುವೆ ನಿಲ್ಲುತ್ತದೆ, ಚಿಂಕಾರ ಒಂಟಿಯಾಗಿ ಅಥವಾ ಎರಡು ಮೂರರ ಗುಂಪಿನಲ್ಲಿ ಪೊದೆಯ ಮರೆ ಹಿಡಿದು ಓಡಾಡುತ್ತದೆ. ಎಲೆ, ಕಾಯಿ ಮತ್ತು ಇಬ್ಬನಿಯಿಂದಲೇ ಬಹುಪಾಲು ನೀರನ್ನು ಪಡೆದುಕೊಳ್ಳುವುದರಿಂದ ದೀರ್ಘಕಾಲ ಕೆರೆಕಟ್ಟೆಯ ಕಡೆ ಸುಳಿಯದೆಯೂ ಅದು ಬದುಕಬಲ್ಲದು. ಆದ್ದರಿಂದಲೇ ಬಂಡೀಪುರದಲ್ಲಿ ಮಾಡುವಂತೆ ನೀರಿನ ಹೊಂಡದ ಬಳಿ ಕಾದು ಕೂತರೆ ಚಿಂಕಾರ ಕಾಣಸಿಗುತ್ತದೆಂಬ ಭರವಸೆಯಿಲ್ಲ. ನಸುಕಿನಲ್ಲಿ ಅಥವಾ ಇಳಿಹೊತ್ತಿನಲ್ಲಿ, ಗಾಳಿ ತನ್ನ ಕಡೆಗೆ ಬೀಸುವಂತೆ ನಿಂತು, ದುರ್ಬೀನಿನಿಂದ ಇಳಿಜಾರುಗಳನ್ನು ನಿಧಾನವಾಗಿ ಸೋಸಿ ನೋಡಬೇಕು. ಗಾಬರಿಗೊಂಡ ಚಿಂಕಾರ ಮುಂಗಾಲಿನಿಂದ ನೆಲ ಒದ್ದು ಸೀನಿದಂತೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿತೆಂದರೆ ನೋಡುವವರು ಹೆಚ್ಚು ಹತ್ತಿರ ಬಂದುಬಿಟ್ಟಿದ್ದಾರೆ ಎಂದೇ ಅರ್ಥ.

ಇಂಥ ನೋಟಕ್ಕೆ ಗುಂಪಿಗಿಂತ ಒಬ್ಬಂಟಿಯೇ ಮೇಲು. ಆಫ್ರಿಕಾದಲ್ಲಿ ದಂಡ ತೆರಿಸುವ ಒಂಟಿತನ ಇಲ್ಲಿ ಲಾಭವಾಗುತ್ತದೆ.

ಮುಧೋಳವೆಂದರೆ ನಾಡಿಗೆ ನೆನಪಾಗುವುದು ಅಲ್ಲಿನ ಬೇಟೆನಾಯಿ. ಮೊಲ, ಹುಲ್ಲೆಗಳಂಥ ಓಟಗಾರ ಪ್ರಾಣಿಗಳನ್ನು ಕಣ್ಣಳತೆಯಲ್ಲೇ ಹಿಡಿದು ಬೆನ್ನಟ್ಟಲು ರೂಪುಗೊಂಡ, ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರು ಮಾಡಿದ ಆ ತಳಿಯ ನೆಲದಲ್ಲೇ ಇಂದು ಹುಲ್ಲೆಗೆ ರಕ್ಷಣೆ ದೊರೆತಿರುವುದು ಚರಿತ್ರೆಯ ಒಂದು ಸ್ವಾರಸ್ಯ. ಚಿಂಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದೆ. ಎಂದರೆ ಅದರ ಬೇಟೆಗೆ ಹುಲಿಯ ಬೇಟೆಗಿರುವಷ್ಟೇ ಕಠಿಣ ಶಿಕ್ಷೆಯಿದೆ. ಇದೇ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಕ್ಕೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಬಿನಿ, ಬಂಡೀಪುರಗಳಂತೆ ಯಡಹಳ್ಳಿ ಸಫಾರಿಯ ಊರೆಂದು ಹೆಸರಾದದ್ದಲ್ಲವಾದ್ದರಿಂದ, ಅನುಮತಿಯನ್ನು ಮುಂಚಿತವಾಗಿ ಕೇಳಿ ಪಡೆದು, ಇಲಾಖೆಯ ಸಿಬ್ಬಂದಿ ತೋರಿದ ದಾರಿಯಲ್ಲೇ ನಡೆಯುವುದು ಅನಿವಾರ್ಯ.

ಪ್ರಾಣಿ ಖಂಡಿತ ಕಾಣಲೇಬೇಕು ಎನ್ನುವವರು ದಿಕ್ಕು ಬದಲಿಸಿ ಬಾದಾಮಿಯಿಂದ ಗದಗದ ಮೂಲಕ ರೈಲಿನಲ್ಲಿ ಹೊಸಪೇಟೆಗೆ ಹೋಗಿ, ಕಮಲಾಪುರದ ಆಚೆಗಿರುವ ದರೋಜಿ ಕರಡಿಧಾಮವನ್ನು ನೋಡುವುದು ಒಳಿತು. 1994ರಲ್ಲಿ ಘೋಷಣೆಯಾಗಿ, 2009ರಲ್ಲಿ ಬುಕ್ಕಸಾಗರದ ಅರಣ್ಯ ಸೇರಿ ಸುಮಾರು 82 ಚದರ ಕಿಲೋಮೀಟರಿಗೆ ಬೆಳೆದ ಈ ಧಾಮದಲ್ಲಿ, ಸಿಬ್ಬಂದಿ ಮಧ್ಯಾಹ್ನದ ಮೇಲೆ ಬಂಡೆಗಳಿಗೆ ಬೆಲ್ಲದ ಮಿಶ್ರಣ ಬಳಿಯುತ್ತಾರೆ. ಅದನ್ನು ನೆಕ್ಕಲು ಕರಡಿಗಳು ಗುಹೆಗಳಿಂದ ಹೊರಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಕಾಡುಪ್ರಾಣಿಗೆ ಹೀಗೆ ರುಚಿ ಹತ್ತಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸ್ವಂತ ವಾಹನವಿಲ್ಲದೆ, ಒಂದು ಆಟೊದ ಬಾಡಿಗೆಯಲ್ಲಿ ಒಬ್ಬರೇ ಹೋಗಿ ಕರಡಿಯನ್ನು ಅದರ ನೆಲದಲ್ಲಿ ನೋಡಬಹುದಾದ ಜಾಗಗಳು ದೇಶದಲ್ಲಿ ವಿರಳ. ಚಳಿಗಾಲದ ಪಯಣವಾದರೆ ದಾರಿಯ ಗದಗದಲ್ಲಿ ಇಳಿದು ಮಾಗಡಿ ಕೆರೆಯನ್ನೂ ಸೇರಿಸಿಕೊಳ್ಳಬಹುದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳಿಗೆ ಹೆಸರಾದ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿತು.

ಆಫ್ರಿಕಾದ ಬಯಲಿಗೂ ನಮ್ಮ ಬಯಲಿಗೂ ಇರುವ ದೊಡ್ಡ ಅಂತರ ಪ್ರಾಣಿಗಳಲ್ಲಿಲ್ಲ, ಮನ್ನಣೆಯಲ್ಲಿದೆ. ಅಲ್ಲಿ ಹುಲ್ಲುಗಾವಲೇ ಆದಾಯದ ಮೂಲ. ಇಲ್ಲಿ ಅದು ದಾಖಲೆಗಳಲ್ಲಿ ಪಾಳುಭೂಮಿ, ಊರಿನವರ ಬಾಯಲ್ಲಿ ಗಾಯರಾಣ. ಹಸಿರು ಹೆಚ್ಚಿಸುವ ಸದುದ್ದೇಶದಿಂದಲೇ ಇಂಥ ಕಡೆ ಒತ್ತಾಗಿ ಸಸಿ ನೆಟ್ಟಾಗ ನೆರಳಿನಡಿ ಹುಲ್ಲು ಸಾಯುತ್ತದೆ. ದೂರ ನೋಡಿ, ಓಡಿ ಪಾರಾಗುವ ಹುಲ್ಲೆಗೆ ದೃಷ್ಟಿ ಕಟ್ಟಿದಂತಾಗುತ್ತದೆ. ಕುರಿಗಾಹಿಗಳ ಹಿಂಡನ್ನು ಹಿಂಬಾಲಿಸುತ್ತ ಬದುಕುವ ತೋಳ, ಇಲಿ ಹಿಡಿಯುವ ಗುಳ್ಳೆನರಿ, ಸತ್ತದ್ದನ್ನು ತಿಂದು ನೆಲ ಶುಚಿ ಮಾಡುವ ಕತ್ತೆಕಿರುಬ ಇವಕ್ಕೂ ಬೇಕಾದದ್ದು ಮರಗಳ ದಟ್ಟಣೆಯಲ್ಲ, ತೆರೆದ ನೆಲ.

ಮುಂದೊಂದು ದಿನ ಆಫ್ರಿಕಾಕ್ಕೂ ಹೊರಡುವವರು ಕೆನ್ಯಾದಂಥ ದೇಶಕ್ಕೆ ಹೋಗುವುದಾದರೆ ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು, ಅದರ ಪ್ರಮಾಣಪತ್ರವನ್ನು ಮರಳಿ ಬರುವಾಗಲೂ ಜೊತೆಯಲ್ಲಿಟ್ಟುಕೊಳ್ಳಬೇಕು. ಅದಿಲ್ಲದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಯಡಹಳ್ಳಿಗೆ ಹೊರಡುವವರಿಗೆ ಅಂಥ ಕಾಗದಪತ್ರಗಳ ತೊಡಕಿಲ್ಲ. ಅರಣ್ಯ ಇಲಾಖೆಯ ಅನುಮತಿ, ಒಂದು ದುರ್ಬೀನು, ಮಾಸಲು ಬಣ್ಣದ ಅಂಗಿ ಮತ್ತು ಕುಡಿಯುವ ನೀರು ಇದ್ದರೆ ಸಾಕು; ನಾಯಿಯನ್ನು ಮಾತ್ರ ಜೊತೆಗೆ ಕರೆದೊಯ್ಯಬಾರದು.