ನುಂಗಿದ ಉಣ್ಣಿ, ಬೆಳೆದ ಮೂಳೆ

ಟೆಕ್ಸಾಸ್, ಒಕ್ಲಹೋಮ, ಅಲಬಾಮ ಕಡೆಯ ಪಶುವೈದ್ಯರ ಬಳಿಗೆ ಕೆಲವೊಮ್ಮೆ ಇಂಥ ನಾಯಿ ಬರುತ್ತದೆ: ಜ್ವರ ಬಿಟ್ಟುಬಿಟ್ಟು ಕಾಡುತ್ತಿದೆ, ಕಣ್ಣಿನಿಂದ ಕೀವು ಸೋರುತ್ತಿದೆ, ತೊಡೆಯ ಮಾಂಸ ಕರಗಿದೆ. ಕುಂಟುತ್ತದೆ, ಬೆನ್ನು ಮುಟ್ಟಿದರೆ ನರಳುತ್ತದೆ. ಇಷ್ಟಾದರೂ ತಟ್ಟೆಯನ್ನು ಬಾಯಿಯ ಹತ್ತಿರ ಹಿಡಿದರೆ ತಿನ್ನುತ್ತದೆ. ಹಸಿವು ಹೋಗಿಲ್ಲ, ನೋವು ತಡೆದುಕೊಂಡು ಎದ್ದು ತಟ್ಟೆಯವರೆಗೆ ನಡೆಯಲಾಗುತ್ತಿಲ್ಲ, ಅಷ್ಟೆ. ಎಕ್ಸ್‌ರೇ ತೆಗೆದರೆ ಕಾಲಿನ ಉದ್ದ ಮೂಳೆಗಳ ಮೇಲೆ, ಸೊಂಟದ ಮೂಳೆಯ ಮೇಲೆ ಹೊಸ ಮೂಳೆ ಒರಟಾಗಿ ಬೆಳೆದಿರುವುದು ಕಾಣುತ್ತದೆ.

ಇದಕ್ಕೆಲ್ಲ ಕಾರಣ ಹೆಪಟೊಝೂನ್ ಅಮೆರಿಕಾನಮ್ ಎಂಬ ಏಕಕೋಶ ಪರೋಪಜೀವಿ. ಟೆಕ್ಸಾಸ್‌ನ ನಾಯಿಗಳಲ್ಲಿ ಈ ಕಾಯಿಲೆಯನ್ನು 1978ರಲ್ಲಿ ಮೊದಲು ಗುರುತಿಸಿದಾಗ, ಇದು 1905ರಲ್ಲೇ ಭಾರತದ ನಾಯಿಗಳಲ್ಲಿ ಪತ್ತೆಯಾಗಿದ್ದ ಹೆಪಟೊಝೂನ್ ಕ್ಯಾನಿಸ್ ಎಂದೇ ಭಾವಿಸಿದರು. ಬೇರೆ ಪ್ರಭೇದವೆಂದು ಹೆಸರಿಟ್ಟದ್ದು 1997ರಲ್ಲಿ.

ಇದನ್ನು ಹೊತ್ತು ತರುವುದು ಗಲ್ಫ್ ಕೋಸ್ಟ್ ಉಣ್ಣಿ. ಆದರೆ ಉಣ್ಣಿ ಕಚ್ಚಿದರೆ ಈ ರೋಗ ಬರುವುದಿಲ್ಲ. ಪರೋಪಜೀವಿ ಉಣ್ಣಿಯ ಜೊಲ್ಲಿನಲ್ಲಿರದೆ ಮೈಯೊಳಗಿನ ಪೊಳ್ಳಿನಲ್ಲಿ ಬಲಿಯುತ್ತದೆ. ನಾಯಿ ಮೈ ಕಚ್ಚಿಕೊಳ್ಳುವಾಗ ಉಣ್ಣಿಯನ್ನು ನುಂಗಿದರೆ ಒಳಗೆ ಹೋಗುತ್ತದೆ. ಬೇಟೆಯಾಡಿ ತಿಂದ ಇಲಿ, ಮೊಲಗಳ ಮೈಮೇಲಿನ ಉಣ್ಣಿಯೂ ಸಾಕು. ಕರುಳಿನಿಂದ ಹೊರಟ ಪರೋಪಜೀವಿ ಮಾಂಸಖಂಡ ಸೇರಿ, ಸುತ್ತಲೂ ಈರುಳ್ಳಿಯಂತೆ ಪದರಪದರವಾದ ಕೋಶದೊಳಗೆ ಬೆಳೆಯುತ್ತದೆ. ಕೋಶ ಒಡೆದು ಮರಿಗಳು ಹೊರಬಿದ್ದಾಗ ದೇಹ ಅವುಗಳ ಮೇಲೆ ಮುಗಿಬೀಳುತ್ತದೆ. ಜ್ವರ, ಊತ, ನೋವು ಎಲ್ಲವೂ ಆ ಕಾದಾಟದವು. ಪರೋಪಜೀವಿಯ ಬಿಡಾರ ಸ್ನಾಯುವಿನಲ್ಲಿದ್ದರೂ ಮೂಳೆಯ ಹೊದಿಕೆ ಕೆರಳಿ ಹೊಸ ಮೂಳೆಯನ್ನು ಕಟ್ಟತೊಡಗುತ್ತದೆ.

ರಕ್ತ ಪರೀಕ್ಷೆಯೂ ಬೆರಗು ಹುಟ್ಟಿಸುತ್ತದೆ. ಆರೋಗ್ಯವಂತ ನಾಯಿಯ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಬಿಳಿ ರಕ್ತಕಣಗಳು ಸುಮಾರು 6,000ದಿಂದ 17,000. ಇಲ್ಲಿ ಅವು ಒಂದು ಲಕ್ಷ ದಾಟುವುದೂ ಉಂಟು. ಪರೋಪಜೀವಿ ಮಾತ್ರ ರಕ್ತದಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ಸ್ನಾಯುವಿನ ಚೂರು ತೆಗೆದು ನೋಡಬೇಕು, ಇಲ್ಲವೇ ಪಿಸಿಆರ್ ಮಾಡಿಸಬೇಕು.

ಚಿಕಿತ್ಸೆ ಇಲ್ಲದಿದ್ದರೆ ಬಹಳಷ್ಟು ನಾಯಿಗಳು ವರ್ಷದೊಳಗೆ ಸಾಯುತ್ತವೆ. ಮೊದಲ 14 ದಿನ ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ನಾಯಿ ಚೇತರಿಸಿಕೊಳ್ಳುತ್ತದೆ. ನಿಜವಾದ ತಾಳ್ಮೆ ಬೇಕಾಗುವುದು ಆಮೇಲೆ. ಕೋಳಿ, ದನಗಳ ಮೇವಿಗೆ ಬೆರೆಸುವ ಡೆಕೊಕ್ವಿನೇಟ್ ಎಂಬ ಪುಡಿಯನ್ನು ದಿನಕ್ಕೆರಡು ಬಾರಿ, ಸುಮಾರು ಎರಡು ವರ್ಷ ಊಟದಲ್ಲಿ ಕೊಡುತ್ತಾರೆ. ಅದು ಕೋಶದೊಳಗಿನ ಪರೋಪಜೀವಿಯನ್ನು ಕೊಲ್ಲುವುದಿಲ್ಲ. ಹೊರಬಂದ ಮರಿಗಳು ಮತ್ತೆ ನೆಲೆಯೂರದಂತೆ ತಡೆಯುತ್ತದೆ. ನಾಯಿ ಓಡಾಡುತ್ತಿದೆಯೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಅಷ್ಟು ಕಾಲ ಒಂದು ಹೊತ್ತೂ ತಪ್ಪಿಸದೆ ಪುಡಿ ಬೆರೆಸಿಕೊಡುವ ಮನೆಯವರ ಬಗ್ಗೆ ನನಗೆ ತುಂಬು ಗೌರವ.

ನಮ್ಮಲ್ಲಿರುವ ಕ್ಯಾನಿಸ್ ಪ್ರಭೇದ ಇಷ್ಟು ಕ್ರೂರಿಯಲ್ಲ. ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ, ಹೆಚ್ಚಾದಾಗ ರಕ್ತಹೀನತೆ, ಸುಸ್ತು ತರುತ್ತದೆ. ಅದನ್ನು ಹೊರುವುದು ನಮ್ಮ ನಾಯಿಗಳ ಕಿವಿಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಕೂರುವ ಕಂದು ಉಣ್ಣಿ. ದಾರಿಯೂ ಅದೇ, ನುಂಗುವುದು. ಅದಕ್ಕೇ ಕಿತ್ತ ಉಣ್ಣಿಯನ್ನು ನೆಲಕ್ಕೆ ಬಿಸಾಡದೆ ಸ್ಪಿರಿಟ್‌ನಲ್ಲಿ ಮುಳುಗಿಸಿ, ನಾಯಿಯ ಬಾಯಿಗೆ ಸಿಗದಂತೆ ಮಾಡಬೇಕು.