ಕಾಯ್ದೆ ಬದಲಾದಂತೆ ಬೆಳೆದ ಕಂಪನಿ: ಟ್ಯಾಲಿಯ ಕಥೆ, ನಮ್ಮ ಲೆಕ್ಕ



ಇವತ್ತಿನ ಮಾತು ಲೆಕ್ಕಪತ್ರದ ಬಗ್ಗೆ. ಹೆಸರು ಕೇಳಿದೊಡನೆ ಆಕಳಿಕೆ ಬಂದರೆ ತಪ್ಪೇನಿಲ್ಲ, ಆದರೆ ಸ್ವಲ್ಪ ಹೊತ್ತು ಜೊತೆಗಿರಿ. ನಿಮ್ಮಲ್ಲಿ ಹಲವರ ಜೇಬಿಗೆ ಸಂಬಂಧಪಟ್ಟ ವಿಷಯ ಇದರಲ್ಲಿದೆ.

ಮೊದಲಿಗೆ ಒಂದು ಉದಾಹರಣೆ. ನೀವು ಲಫ್‌ಬರೋದಲ್ಲಿ ಟ್ಯಾಕ್ಸಿ ಓಡಿಸುತ್ತೀರಿ ಎಂದುಕೊಳ್ಳಿ. ವರ್ಷಕ್ಕೆ 38,000 ಪೌಂಡ್ ಕೈಗೆ ಬರುತ್ತದೆ. ಆಶ್‌ಬಿ ರೋಡಿನ ಆಸುಪಾಸಿನಲ್ಲಿ ಒಂದು ಮನೆಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದೀರಿ, ಅದರಿಂದ 14,000. ಪೆಟ್ರೋಲು, ಇನ್ಶೂರೆನ್ಸು, ರಿಪೇರಿ ಎಲ್ಲ ಕಳೆದರೆ ನಿಮಗೆ ಉಳಿಯುವುದು ಇದರ ಅರ್ಧವೋ ಏನೋ. ಆದರೂ ಸರ್ಕಾರದ ಕಣ್ಣಿನಲ್ಲಿ ನೀವು 52,000 ಪೌಂಡಿನ ಆಸಾಮಿ. 2026ರ ಏಪ್ರಿಲ್ 6ರಿಂದ ನಿಮ್ಮಂಥವರಿಗೆ 'ಮೇಕಿಂಗ್ ಟ್ಯಾಕ್ಸ್ ಡಿಜಿಟಲ್' ನಿಯಮ ಅನ್ವಯ. ಸ್ವಂತ ಉದ್ಯೋಗ ಮತ್ತು ಬಾಡಿಗೆ ಎರಡೂ ಸೇರಿ, ಖರ್ಚು ಕಳೆಯುವ ಮುಂಚಿನ ಆದಾಯ 50,000 ದಾಟಿದರೆ ಲೆಕ್ಕವನ್ನು ಡಿಜಿಟಲ್ ರೂಪದಲ್ಲಿ ಇಡಬೇಕು, ಮೂರು ತಿಂಗಳಿಗೊಮ್ಮೆ ಸಾಫ್ಟ್‌ವೇರ್ ಮೂಲಕ ಎಚ್‌ಎಂಆರ್‌ಸಿಗೆ ಕಳಿಸಬೇಕು. ಟ್ಯಾಕ್ಸಿಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ. ವರ್ಷದ ಕೊನೆಯ ಘೋಷಣೆ ಮತ್ತೆ ಬೇರೆ, ಅದಕ್ಕೆ ಜನವರಿ 31ರ ಗಡುವು. ನೌಕರಿಯ ಸಂಬಳ ಮಾತ್ರ ಈ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ.

ಆ ಸಾಫ್ಟ್‌ವೇರನ್ನು ಎಚ್‌ಎಂಆರ್‌ಸಿ ಕೊಡುತ್ತದೆಯೇ? ಇಲ್ಲ. ನೀವೇ ಆರಿಸಿಕೊಳ್ಳಬೇಕು. ಅಂದರೆ ಸರ್ಕಾರ ಒಂದು ಕಾಯ್ದೆ ಬರೆಯಿತು, ಅದೇ ಉಸಿರಿನಲ್ಲಿ ಒಂದು ಮಾರುಕಟ್ಟೆಯೂ ಹುಟ್ಟಿತು. ಇಂಥ ಮಾರುಕಟ್ಟೆಯಲ್ಲಿ ಒಂದು ಸಣ್ಣ ಕಂಪನಿ ಹೇಗೆ ಬೆಳೆಯುತ್ತದೆ? ಅದು ಗೊತ್ತಾದರೆ ನಮಗೆ ಬೇಕಾದ್ದನ್ನು ಆರಿಸುವುದೂ ಸುಲಭ. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ: ಟ್ಯಾಲಿ.

ಊರಿನಲ್ಲಿ ಅಂಗಡಿ, ಮಂಡಿ, ಸಣ್ಣ ಕಾರ್ಖಾನೆ ಇದ್ದ ಮನೆಯವರಿಗೆ ಈ ಹೆಸರು ಹೊಸದಲ್ಲ. ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೆ 'ಟ್ಯಾಲಿ ಕಲಿಸಲಾಗುತ್ತದೆ' ಎಂಬ ಬೋರ್ಡನ್ನು ಎಲ್ಲರೂ ನೋಡಿರುತ್ತೀರಿ. ಬಿ.ಕಾಂ. ಮುಗಿಸಿದ ಮಕ್ಕಳಿಗೆ ಮನೆಯ ಹಿರಿಯರು ಹೇಳುತ್ತಿದ್ದ ಬುದ್ಧಿಮಾತೂ ಅದೇ: "ಒಂದು ಟ್ಯಾಲಿ ಕೋರ್ಸ್ ಮಾಡಿಬಿಡು, ಎಲ್ಲಾದರೂ ಕೆಲಸ ಸಿಗುತ್ತೆ."

ಈ ಕಂಪನಿ ಶುರುವಾಗಿದ್ದು 1986ರಲ್ಲಿ, ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರದು ಗಿರಣಿ, ಕಾರ್ಖಾನೆಗಳಿಗೆ ಕಚ್ಚಾ ವಸ್ತು ಮತ್ತು ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರ. ತಮ್ಮ ಲೆಕ್ಕ ನೋಡಿಕೊಳ್ಳಲು ಹೊಂದುವ ಸಾಫ್ಟ್‌ವೇರ್ ಅವರಿಗೆ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಒಂದು ಮಾಡಿಕೊಡು ಎಂದರು. ಮಗ ಡಾಸ್ ಕಂಪ್ಯೂಟರಿನಲ್ಲಿ ಓಡುವ ಸರಳ ಲೆಕ್ಕದ ಸಾಫ್ಟ್‌ವೇರ್ ಬರೆದರು. ಹೀಗೆ ಅಪ್ಪನ ಅಂಗಡಿಯ ತೊಂದರೆಯೇ ಮಗನ ಕಂಪನಿಯ ಬಂಡವಾಳವಾಯಿತು.

ಇದೇ ಕಥೆ ನಮ್ಮ ಈ ನಾಡಿನಲ್ಲೂ ನಡೆದಿದೆ. ಇಲ್ಲಿಂದ ಉತ್ತರಕ್ಕೆ, ನ್ಯೂಕಾಸಲ್‌ನಲ್ಲಿ ಡೇವಿಡ್ ಗೋಲ್ಡ್‌ಮನ್ ಎಂಬುವರ ಮುದ್ರಣಾಲಯವಿತ್ತು. ಕೆಲಸದ ಅಂದಾಜು, ಲೆಕ್ಕ ಇವುಗಳನ್ನು ಕಂಪ್ಯೂಟರಿಗೆ ಹಾಕಲು ವಿದ್ಯಾರ್ಥಿಯಾಗಿದ್ದ ಗ್ರಹಾಂ ವೈಲಿ ಅವರ ನೆರವು ಪಡೆದರು. ಅದರಿಂದ 1981ರಲ್ಲಿ ಹುಟ್ಟಿದ್ದು ಸೇಜ್. 1989ರಲ್ಲಿ ಅದು ಲಂಡನ್ ಷೇರುಪೇಟೆಗೆ ಬಂತು, 1999ರಲ್ಲಿ ದೇಶದ ಅಗ್ರ ನೂರು ಕಂಪನಿಗಳ ಸೂಚ್ಯಂಕವನ್ನು ಸೇರಿತು. ಅದೇ 1999ರಲ್ಲಿ ಬೆಂಗಳೂರಿನ ಪ್ಯೂಟ್ರಾನಿಕ್ಸ್ ತನ್ನ ಹೆಸರನ್ನು ಟ್ಯಾಲಿ ಸೊಲ್ಯೂಷನ್ಸ್ ಎಂದು ಬದಲಿಸಿಕೊಂಡಿತು.

ಟ್ಯಾಲಿ ಜನಕ್ಕೆ ಹಿಡಿಸಿದ್ದು ಯಾಕೆ? ಆ ಕಾಲದ ಲೆಕ್ಕದ ಸಾಫ್ಟ್‌ವೇರುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಡಬೇಕಿತ್ತು. ರಾಮಣ್ಣ ಟ್ರೇಡರ್ಸ್ ಎಂದರೆ 4017, ಕರೆಂಟ್ ಬಿಲ್ಲು ಎಂದರೆ 6203 ಎಂಬಂತೆ ಗುಮಾಸ್ತರು ನೆನಪಿಟ್ಟುಕೊಳ್ಳಬೇಕು. ಟ್ಯಾಲಿಯಲ್ಲಿ ಆ ಕಾಟವಿರಲಿಲ್ಲ. ರಾಮಣ್ಣ ಎಂದು ಹೆಸರನ್ನೇ ಹೊಡೆದರೆ ಸಾಕು, ಕಿರ್ದಿ ಪುಸ್ತಕದಲ್ಲಿ ಬರೆದ ಹಾಗೆ. ಮಾರಾಟಕ್ಕೆ ಒಂದು ಕೀಲಿ, ಪಾವತಿಗೆ ಒಂದು ಕೀಲಿ. ಮೌಸ್ ಮುಟ್ಟದೆ ದಿನವಿಡೀ ಕೆಲಸ ಮಾಡಬಹುದು. ಕಂಪ್ಯೂಟರ್ ಅಂದರೆ ಹೆದರುತ್ತಿದ್ದ ಐವತ್ತರ ಗುಮಾಸ್ತರೂ ಕಲಿತರು. ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದಬಹುದಿತ್ತು. ಈ ತಿದ್ದುವ ಸ್ವಾತಂತ್ರ್ಯದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಇಷ್ಟು ದಿನ ಅದು ಲೆಕ್ಕ ಬರೆಯುವ ಸಾಫ್ಟ್‌ವೇರ್ ಮಾತ್ರ. ಬೇಕಾದವರು ಕೊಂಡರು, ಬೇಡದವರು ಕೆಂಪು ರಟ್ಟಿನ ಪುಸ್ತಕದಲ್ಲೇ ಬರೆದರು. ಆಮೇಲೆ ಕಾಯ್ದೆ ಬಂತು.

2005ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಹಳೆಯ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ ಬಂತು. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಪ್ರತಿ ಬಿಲ್ಲಿನ ಲೆಕ್ಕವೂ ಸರಿಯಾಗಿರಬೇಕು. ಒಂದೊಂದು ರಾಜ್ಯದ ನಮೂನೆ ಒಂದೊಂದು ಥರ. ತಮಿಳುನಾಡು ವ್ಯಾಟಿಗೆ ಬಂದದ್ದು 2007ರಲ್ಲಿ, ಉತ್ತರ ಪ್ರದೇಶ 2008ರಲ್ಲಿ. ಕರ್ನಾಟಕದಲ್ಲಿ ಮುಂದೆ ಸರಕು ಸಾಗಣೆಗೆ ಇ-ಸುಗಮ್ ಬಂತು. ಇದನ್ನೆಲ್ಲ ಕೈಬರಹದಲ್ಲಿ ಸಂಭಾಳಿಸುವುದು ಕಷ್ಟವಾಯಿತು. ತಿಂಗಳ ತೆರಿಗೆ ಪಟ್ಟಿಯನ್ನು ತಾನೇ ತೆಗೆದುಕೊಡುವ ಸಾಫ್ಟ್‌ವೇರ್ ಈಗ ಅನುಕೂಲದ ವಸ್ತುವಾಗಿ ಉಳಿಯಲಿಲ್ಲ, ಅಗತ್ಯದ ವಸ್ತುವಾಯಿತು.

ನಂತರದ ದೊಡ್ಡ ಅಲೆ ಜಿಎಸ್‌ಟಿ. 2017ರ ಜುಲೈ 1ರ ಮಧ್ಯರಾತ್ರಿ ದೇಶಕ್ಕೆಲ್ಲ ಒಂದೇ ತೆರಿಗೆ ಪದ್ಧತಿ. ಸರ್ಕಾರದ ಕಡೆಯ ಜಾಲವನ್ನು ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಲಕ್ಷಾಂತರ ಅಂಗಡಿಗಳ ಕಡೆಯಿಂದ ಅದಕ್ಕೆ ಲೆಕ್ಕ ಸಿದ್ಧಪಡಿಸಿದ್ದು ಬೆಂಗಳೂರಿನದೇ ಟ್ಯಾಲಿ. ಮೊದಲು ಯೋಚಿಸಿದ ಮೂರು ನಮೂನೆಗಳಲ್ಲಿ ಎರಡನ್ನು ತಡೆಹಿಡಿದು, ಬದಲಿಗೆ 3ಬಿ ಎಂಬ ಸರಳ ನಮೂನೆ ತಂದರು. ದರಗಳು ಬದಲಾದವು, ಗಡುವುಗಳು ಮುಂದಕ್ಕೆ ಹೋದವು. ಪ್ರತಿ ಬದಲಾವಣೆಗೂ ಸಾಫ್ಟ್‌ವೇರ್ ಬರೆಯುವವರು ಹಗಲು ರಾತ್ರಿ ಕೂತು ತಿದ್ದಬೇಕು.

ಇಂಥ ಕಂಪನಿಗಳ ಆದಾಯದ ಗುಟ್ಟು ಇರುವುದು ಇಲ್ಲೇ. ಸಾಫ್ಟ್‌ವೇರನ್ನು ಒಮ್ಮೆ ಮಾರಬಹುದು, ಕಾಯ್ದೆ ಮಾತ್ರ ವರ್ಷ ವರ್ಷ ಬದಲಾಗುತ್ತದೆ. ಹಳೆಯ ಸಾಫ್ಟ್‌ವೇರ್ ಹಾಳಾಗಿರುವುದಿಲ್ಲ, ಆದರೆ ಅದಕ್ಕೆ ಹೊಸ ಕಾಯ್ದೆ ಗೊತ್ತಿರುವುದಿಲ್ಲ. ಆದ್ದರಿಂದ ಗಿರಾಕಿ ಪ್ರತಿ ವರ್ಷ ನವೀಕರಣ ಶುಲ್ಕ ಕಟ್ಟುತ್ತಾನೆ. ಅವನು ಕೊಳ್ಳುತ್ತಿರುವುದು ಹೆಸರಿಗೆ ಸಾಫ್ಟ್‌ವೇರ್. ನಿಜವಾಗಿ ಕೊಳ್ಳುತ್ತಿರುವುದು 'ಕಾಯ್ದೆ ಬದಲಾದರೆ ನಾವು ನೋಡಿಕೊಳ್ಳುತ್ತೇವೆ' ಎಂಬ ಭರವಸೆಯನ್ನು.

ಇನ್ನೊಂದು ಗುಟ್ಟೂ ಇದೆ. ಕಾಯ್ದೆ ಸಾಮಾನ್ಯವಾಗಿ ದೊಡ್ಡವರಿಂದ ಶುರುವಾಗಿ ಸಣ್ಣವರ ಕಡೆಗೆ ಇಳಿಯುತ್ತದೆ. ಭಾರತದ ಇ-ಇನ್‌ವಾಯ್ಸ್ ನೋಡಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ವಹಿವಾಟಿನ ಮೇಲಿನವರಿಗೆ ಮಾತ್ರ ಇತ್ತು. ಆಮೇಲೆ 100 ಕೋಟಿ, 50, 20, 10 ಎಂದು ಇಳಿಯುತ್ತ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಇಲ್ಲಿಯೂ ಹಾಗೆಯೇ. ವ್ಯಾಟಿನ ಡಿಜಿಟಲ್ ನಿಯಮ 2019ರ ಏಪ್ರಿಲ್‌ನಲ್ಲಿ 85,000 ಪೌಂಡ್ ವಹಿವಾಟಿನ ಮೇಲಿನವರಿಗೆ ಬಂತು, 2022ರ ಏಪ್ರಿಲ್‌ನಿಂದ ವ್ಯಾಟ್ ನೋಂದಣಿ ಇರುವ ಎಲ್ಲರಿಗೂ. ಆದಾಯ ತೆರಿಗೆಯ ನಿಯಮ 2026ರಲ್ಲಿ 50,000, 2027ರ ಏಪ್ರಿಲ್‌ನಲ್ಲಿ 30,000, 2028ರಲ್ಲಿ 20,000 ಎಂದು ಮೆಟ್ಟಿಲು ಹಾಕಿದೆ.

ಪ್ರತಿ ಮೆಟ್ಟಿಲಿಗೂ ಸಾಫ್ಟ್‌ವೇರ್ ಕಂಪನಿಗೆ ಹೊಸ ಗಿರಾಕಿಗಳು ಬರುತ್ತಾರೆ. ಆದರೆ ಹೊಸಬರು ಹಳಬರಿಗಿಂತ ಸಣ್ಣವರು. ಅವರ ಬಳಿ ಹಣ ಕಡಿಮೆ, ಸಮಯ ಕಡಿಮೆ, ಅಕೌಂಟೆಂಟ್ ಇರುವುದೂ ಅಪರೂಪ. ದೊಡ್ಡ ಕಂಪನಿಯ ಲೆಕ್ಕ ವಿಭಾಗಕ್ಕೆ ಮಾಡಿದ್ದನ್ನು ಟ್ಯಾಕ್ಸಿಯವರ ಕೈಗೆ ಕೊಟ್ಟರೆ ನಡೆಯುವುದಿಲ್ಲ. ಗಿರಾಕಿಯನ್ನು ಬಾಗಿಲವರೆಗೆ ತಂದು ಬಿಡುವುದು ಕಾಯ್ದೆ. ಒಳಗೆ ಕೂರಿಸುವುದು ಸರಳತೆ ಮತ್ತು ಪಕ್ಕದ ಬೀದಿಯಲ್ಲಿ ಸಿಗುವ ಸಹಾಯ. ಟ್ಯಾಲಿ ಉಳಿದದ್ದು ಹೀಗೆ. ಹೆಸರು ಹೊಡೆದರೆ ಸಾಕೆನ್ನುವ ಸಾಫ್ಟ್‌ವೇರ್, ಊರೂರಿನಲ್ಲಿ ಮಾರಿ ಕಲಿಸಿಕೊಡುವ ಪಾಲುದಾರರು, ಮಹಡಿಯ ಮೇಲಿನ ಆ ಕೋರ್ಸುಗಳಿಂದ ಹೊರಬಂದ ಹುಡುಗ ಹುಡುಗಿಯರು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಾಗ ಅದರಲ್ಲಿ ಆ ಮಕ್ಕಳದೂ ಒಂದು ಪಾಲಿತ್ತು ಎಂದರೆ ಹೆಚ್ಚಲ್ಲ.

ಈಗ ಆ ತಿದ್ದುವ ಸ್ವಾತಂತ್ರ್ಯದ ಮಾತು. ಗುಮಾಸ್ತರಿಗೆ ಅದು ವರವಾಗಿತ್ತು, ಆಡಿಟರುಗಳಿಗೆ ತಲೆನೋವು. ಮಾರ್ಚಿಯಲ್ಲಿ ನೋಡಿದ ಲೆಕ್ಕ ಮೇ ತಿಂಗಳಲ್ಲಿ ಸದ್ದಿಲ್ಲದೆ ಬದಲಾಗಿದ್ದರೆ ನಂಬುವುದು ಯಾವುದನ್ನು? 2023ರ ಏಪ್ರಿಲ್ 1ರಿಂದ ಭಾರತದಲ್ಲಿ ನೋಂದಾಯಿತ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ದಾಖಲೆ ಇಡಲೇಬೇಕು, ಆ ದಾಖಲೆಯನ್ನು ನಿಲ್ಲಿಸಲು ಆಗಬಾರದು ಎಂಬ ನಿಯಮ ಜಾರಿಯಾಯಿತು. ಟ್ಯಾಲಿಯೂ ಅದಕ್ಕೆ ತಕ್ಕ ಆವೃತ್ತಿ ತಂದಿತು. ಯಾವ ಗುಣದಿಂದ ಜನಪ್ರಿಯವಾಯಿತೋ ಅದನ್ನೇ ಕಾಯ್ದೆಯ ಮುಂದೆ ಬಗ್ಗಿಸಬೇಕಾಯಿತು. ಕಾಯ್ದೆಯನ್ನು ನಂಬಿ ಬೆಳೆದ ವ್ಯಾಪಾರಕ್ಕೆ ಕಾಯ್ದೆಯೇ ಯಜಮಾನ.

ನಮ್ಮ ಲಫ್‌ಬರೋದಲ್ಲೂ ಈ ಉದ್ಯಮದ ದೊಡ್ಡ ಮನೆಯೊಂದಿದೆ. ವಿಶ್ವವಿದ್ಯಾಲಯದ ಸೈನ್ಸ್ ಅಂಡ್ ಎಂಟರ್‌ಪ್ರೈಸ್ ಪಾರ್ಕಿನಲ್ಲಿ ಪ್ರಧಾನ ಕಚೇರಿ ಇರುವ ಆಕ್ಸೆಸ್ ಗ್ರೂಪ್ 1991ರಲ್ಲಿ ಶುರುವಾಯಿತು. ಲೆಕ್ಕ, ಸಂಬಳ, ಕೇರ್ ಹೋಮುಗಳ ನಿರ್ವಹಣೆ ಹೀಗೆ ಹಲವು ಕ್ಷೇತ್ರಗಳ ಸಾಫ್ಟ್‌ವೇರ್ ಅವರದು. 2022ರಲ್ಲಿ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 9.2 ಬಿಲಿಯನ್ ಪೌಂಡ್. ನಿಮ್ಮ ಮಗನೋ ಮಗಳೋ ಅದೇ ಕ್ಯಾಂಪಸ್ಸಿನಲ್ಲಿ ಓದುತ್ತ 'ನಾನೂ ಒಂದು ಕಂಪನಿ ಮಾಡುತ್ತೇನೆ' ಎಂದರೆ ಈ ಕಥೆ ಹೇಳಿ. ಮೊದಲು ಒಂದು ಅಂಗಡಿಯಲ್ಲಿ ಕೂತು, ಅಲ್ಲಿನವರು ಯಾವ ಕಾಗದ ಕಂಡು ನಿಟ್ಟುಸಿರು ಬಿಡುತ್ತಾರೆ ಎಂದು ನೋಡಲಿ. ಗೋಯೆಂಕಾ, ಗೋಲ್ಡ್‌ಮನ್ ಇಬ್ಬರದೂ ಅಲ್ಲಿಂದಲೇ ಶುರು.

ಇನ್ನು ನಿಮ್ಮ ವಿಷಯ. ಸಾಫ್ಟ್‌ವೇರ್ ಆರಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಇದು ಎಚ್‌ಎಂಆರ್‌ಸಿ ಒಪ್ಪಿದ ಪಟ್ಟಿಯಲ್ಲಿದೆಯೇ? ಆ ಪಟ್ಟಿ ಗೋವ್ ಡಾಟ್ ಯುಕೆಯಲ್ಲಿ ಸಿಗುತ್ತದೆ, ಅದರಲ್ಲಿ ಉಚಿತವಾದವೂ ಇವೆ. ಎರಡು, ನನ್ನ ಎರಡೂ ಆದಾಯಗಳನ್ನು, ಅಂದರೆ ದುಡಿಮೆ ಮತ್ತು ಬಾಡಿಗೆಯನ್ನು, ನೋಡಿಕೊಳ್ಳುತ್ತದೆಯೇ? ಮೂರು, ಮುಂದಿನ ವರ್ಷದ ಶುಲ್ಕ ಎಷ್ಟು? ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ. ನಾಲ್ಕು, ನಾಳೆ ಬಿಟ್ಟು ಹೋಗಬೇಕೆಂದರೆ ನನ್ನ ಲೆಕ್ಕವನ್ನು ಹೊರಗೆ ತೆಗೆದುಕೊಳ್ಳಬಹುದೇ? ಈಗಾಗಲೇ ಎಕ್ಸೆಲ್ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆಯುವವರಾದರೆ ಅದನ್ನು ಬಿಡಬೇಕಿಲ್ಲ. ಆ ಹಾಳೆಯಿಂದಲೇ ಅಂಕಿಗಳನ್ನು ಎತ್ತಿ ಕಳಿಸುವ 'ಬ್ರಿಡ್ಜಿಂಗ್' ಸಾಫ್ಟ್‌ವೇರುಗಳಿವೆ. ಮೊದಲ ತ್ರೈಮಾಸಿಕ ಏಪ್ರಿಲ್ 6ರಿಂದ ಜುಲೈ 5, ಅದನ್ನು ಕಳಿಸುವ ಗಡುವು ಆಗಸ್ಟ್ 7. ಆಮೇಲಿನವು ನವೆಂಬರ್, ಫೆಬ್ರವರಿ ಮತ್ತು ಮೇ ತಿಂಗಳ 7.

ಒಂದು ಮಾತು ಮಾತ್ರ ಮರೆಯಬೇಡಿ. ಎಷ್ಟೇ ಒಳ್ಳೆಯ ಕಂಪನಿಯಾದರೂ ನಿಮ್ಮ ಪರವಾಗಿ ಲೆಕ್ಕ ಕೂಡಬಲ್ಲದೇ ಹೊರತು ಹೊಣೆ ಹೊರಲಾರದು. ಅಂಕಿ ತಪ್ಪಿದರೆ ನೋಟಿಸು ಬರುವುದು ನಿಮ್ಮ ಮನೆಯ ವಿಳಾಸಕ್ಕೆ. ಹಾಗಾಗಿ ಹಳೆಯ ಅಂಗಡಿಯವರ ಅಭ್ಯಾಸವನ್ನು ಉಳಿಸಿಕೊಳ್ಳಿ: ದಿನದ ವ್ಯವಹಾರವನ್ನು ದಿನವೇ ಬರೆಯುವುದು, ಮಲಗುವ ಮುಂಚೆ ಶಿಲ್ಕು ನೋಡುವುದು. ಆಮೇಲೆ ಯಾವ ಸಾಫ್ಟ್‌ವೇರ್ ಬಂದರೂ ಹೆದರಬೇಕಿಲ್ಲ.